ಏಳು ತಿಂಗಳ ಅತಿಥಿ

ದಸರಾ ರಜೆ ಹತ್ತಿರ ಬರೋ ಹೊತ್ತಿಗೆ ಬೆಂಗಳೂರು, ಮೈಸೂರಿನ ಮರಗಳಲ್ಲಿ ಒಂದು ಹೊಸ ದನಿ ಸೇರಿಕೊಳ್ಳುತ್ತೆ. ‘ಚಿ-ವೀ... ಚಿ-ವೀ’. ಎರಡೇ ಅಕ್ಷರದ ಚುರುಕು ಕೂಗು. ಬಸ್ಸಿಗೆ ಕಾಯುವಾಗಲೋ ಆಫೀಸಿನ ಪಾರ್ಕಿಂಗ್‌ನಲ್ಲೋ ನೀವೂ ಕೇಳಿರುತ್ತೀರಿ.

ಅದು ಗ್ರೀನಿಶ್ ವಾರ್ಬ್ಲರ್, ಉಲಿಯಕ್ಕಿಗಳ ಪೈಕಿ ಒಂದು. ತೂಕ ಸುಮಾರು 8 ಗ್ರಾಂ. ಅಂದರೆ ಜೇಬಿನಲ್ಲಿರೋ 10 ರೂಪಾಯಿ ನಾಣ್ಯದಷ್ಟು.

ಗುರುತು ಹಿಡಿಯೋದು ಹೇಗೆ? ಮೊದಲು ಕಿವಿ, ಆಮೇಲೆ ಕಣ್ಣು. ಎಲೆಯ ಬಣ್ಣದ ಈ ಪುಟಾಣಿ ಒಂದು ಕಡೆ ನಿಲ್ಲೋದೇ ಇಲ್ಲ. ಕೂಗು ಬಂದ ಕಡೆ ಎಲೆಗಳ ಅಲುಗಾಟ ನೋಡಿ. ಬೆನ್ನು ಬೂದು ಬೆರೆತ ಹಸಿರು, ಹೊಟ್ಟೆ ಮಾಸಲು ಬಿಳಿ. ಕಣ್ಣಿನ ಮೇಲೆ ಉದ್ದನೆಯ ತಿಳಿ ಹುಬ್ಬು. ರೆಕ್ಕೆಯ ಮೇಲೆ ಸಾಮಾನ್ಯವಾಗಿ ಒಂದೇ ಒಂದು ತೆಳು ಪಟ್ಟಿ. ಗರಿ ಸವೆದಿದ್ದರೆ ಅದೂ ಕಾಣದು. ನೆತ್ತಿಯ ನಡುವೆ ತಿಳಿ ಗೆರೆ ಇದ್ದರೆ ಅದು ಇದರ ನೆಂಟ, ಬೇರೆ ಹಕ್ಕಿ. ಕೆಳಗಿನ ಪೊದೆಯಲ್ಲಿ ‘ಟಕ್ ಟಕ್’ ಅನ್ನೋ ಕಂದು ಹಕ್ಕಿಯೂ ಬೇರೆ. ಮೊಬೈಲ್‌ನ ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ಹೇಳುತ್ತೆ, ನಿಜ. ಆದರೂ ಹುಬ್ಬು ನೋಡಿಯೇ ಒಪ್ಪಿಕೊಳ್ಳಿ.

ದನಿಯನ್ನು ಈ ಹಕ್ಕಿಗಳೂ ಅಷ್ಟೇ ಗಂಭೀರವಾಗಿ ತಗೊಳ್ತವೆ. ಇವು ಮರಿ ಮಾಡೋ ಜಾಗಗಳು ಹಿಮಾಲಯದಿಂದ ಹೊರಟು, ಟಿಬೆಟ್ ಪ್ರಸ್ಥಭೂಮಿಯ ಎರಡೂ ಬದಿಗೆ ಬಳೆಯ ಹಾಗೆ ಹಬ್ಬಿ, ಸೈಬೀರಿಯಾದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಪಶ್ಚಿಮದಿಂದ ಬಂದವು, ಪೂರ್ವದಿಂದ ಬಂದವು ಅಲ್ಲಿ ಒಂದೇ ಕಾಡಿನಲ್ಲಿದ್ದರೂ ಒಂದರ ಹಾಡನ್ನು ಇನ್ನೊಂದು ತನ್ನವರ ಹಾಡು ಅಂತ ಗುರುತಿಸೋದಿಲ್ಲ. ಡ್ಯಾರೆನ್ ಅರ್ವಿನ್ ಮತ್ತು ಜೊತೆಗಾರರು ಹಾಡು ರೆಕಾರ್ಡ್ ಮಾಡಿ, ಕೇಳಿಸಿ ನೋಡಿ, 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಬರೆದರು.

ಹಾಗಾದರೆ ಇದರ ಊರು ಯಾವುದು? ‘ಉತ್ತರದಿಂದ ಬರೋ ಅತಿಥಿ’ ಅಂತೀವಿ. ಲೆಕ್ಕ ಹಾಕಿ ನೋಡಿ. ಸೆಪ್ಟೆಂಬರ್ ಕೊನೆಗೆ ಬಂದ ಹಕ್ಕಿ ಹೊರಡೋದು ಏಪ್ರಿಲ್‌ನಲ್ಲಿ. ಅಲ್ಲಿ ಬೇಸಿಗೆಯ ಕೆಲವೇ ತಿಂಗಳು. ಇಲ್ಲಿ ಸುಮಾರು 7 ತಿಂಗಳು. ಇಷ್ಟು ದಿನ ಇರೋರನ್ನ ಅತಿಥಿ ಅನ್ನೋಕಾಗುತ್ತಾ? ಇಲ್ಲಿಗೆ ಬಂದ ಮೇಲೆ ತನ್ನದೇ ಒಂದಿಷ್ಟು ಜಾಗ ಹಿಡಿದು, ಎಲೆಯಡಿಯ ಹುಳುಹುಪ್ಪಟೆ ಹೆಕ್ಕುತ್ತ ಬದುಕುತ್ತೆ. ಆ ‘ಚಿ-ವೀ’ ಇದೆಯಲ್ಲ, ಅದು ‘ಇದು ನನ್ನ ಜಾಗ, ಆಚೆ ಹೋಗು’ ಅನ್ನೋ ಎಚ್ಚರಿಕೆ. ಹಳೆ ಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳೋದೂ, ವಾಪಸ್ ಪ್ರಯಾಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಡೋದೂ ಇಲ್ಲೇ, ನಮ್ಮ ಹೊಂಗೆ, ಮಾವು, ಮಳೆಮರಗಳಲ್ಲೇ.

ನಮ್ಮ ಬೀದಿಯಲ್ಲಿ ಕೊಂಬೆ ಕಡಿಸೋ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ತಲೆಯೆತ್ತಿ ನೋಡಿ, “ಗೂಡೇನೂ ಇಲ್ಲ ಬಿಡಿ, ಕಡಿಸಬಹುದು” ಅಂತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳೋ ಮಾತು. ಆದರೆ ಈ ಹಕ್ಕಿ ಇಲ್ಲಿ ಗೂಡು ಕಟ್ಟೋದೇ ಇಲ್ಲ. ಗೂಡು ಹುಡುಕಿದರೆ ಇದು ಯಾವತ್ತೂ ಲೆಕ್ಕಕ್ಕೆ ಸಿಗಲ್ಲ. ಇದಕ್ಕೆ ಮರ ಅಂದರೆ ಅಡುಗೆಮನೆ.

ತಂತಿಗೆ ತಗಲೋ ಕೊಂಬೆ ಕಡಿಯಲೇಬೇಕು, ಅದಕ್ಕೆ ತಕರಾರಿಲ್ಲ. ಆದರೆ ಎಷ್ಟು ಬೇಕೋ ಅಷ್ಟೇ ಸಾಕು. ಇಡೀ ಮರ ಬೋಳಿಸೋದು ಬೇಡ. ಮುಂದಿನ ಸಲ ಯಾರಾದರೂ ಗೂಡಿದೆಯಾ ಅಂತ ನೋಡೋಕೆ ತಲೆಯೆತ್ತಿದರೆ, ಒಂದೆರಡು ನಿಮಿಷ ಸುಮ್ಮನಿದ್ದು ಕೇಳಿಸಿಕೊಳ್ಳೋಕೂ ಹೇಳಿ.