ಅನುಸೂಚಿಯಲ್ಲಿ ಇಲ್ಲದ ಸಿಬ್ಬಂದಿ

ಶಿವಮೊಗ್ಗೆಯ ರವೀಂದ್ರನಗರದಂತಹ ಬಡಾವಣೆಯಲ್ಲಿ ಬೆಳಗಿನ ಒಂಬತ್ತರ ಸುಮಾರಿಗೆ ಶಾಲೆಗೆ ಹೊರಟ ಮಕ್ಕಳನ್ನು ನೋಡುವವನಿಗೆ, ಶಾಲೆಯೆಂದರೆ ಮಕ್ಕಳೂ ಉಪಾಧ್ಯಾಯರೂ ಮಾತ್ರವೆಂಬ ಭಾವನೆ ಉಂಟಾಗುವುದು ಸಹಜವೇ. ಆದರೆ ಆ ಮಕ್ಕಳು ಬರುವುದಕ್ಕೆ ಮುಂಚೆ ಬೀಗ ತೆರೆದು ಕೊಠಡಿ ಗುಡಿಸಿದವರು, ತೊಟ್ಟಿಗೆ ನೀರು ಬಿಟ್ಟವರು, ಹಾಲಿನ ಪುಡಿಯನ್ನು ಕದಡಿ ಕಾಯಿಸಲು ಒಲೆ ಹೊತ್ತಿಸಿದವರು, ದಾಖಲಾತಿಯ ಅಂಕಿಗಳನ್ನು ಗಣಕಯಂತ್ರಕ್ಕೆ ಏರಿಸಲು ಕುಳಿತವರು, ಇವರೆಲ್ಲರ ದುಡಿಮೆ ಒಂದು ದಿನ ನಿಂತಿತೆಂದರೆ, ಎಷ್ಟೇ ವಿದ್ವಾಂಸನಾದ ಉಪಾಧ್ಯಾಯನೂ ಪಾಠವನ್ನು ನೆಟ್ಟಗೆ ಆರಂಭಿಸಲಾರನು. ಇಷ್ಟು ಅವಶ್ಯಕವಾದ ಈ ದುಡಿಮೆಗೆ ನಮ್ಮ ಶಾಸನದಲ್ಲಿಯೂ ಆಯವ್ಯಯದಲ್ಲಿಯೂ ಯಾವ ಸ್ಥಾನವಿದೆಯೆಂದು ಪರಿಶೀಲಿಸಿದರೆ ದೊರೆಯುವ ಉತ್ತರ ಸಮಾಧಾನಕರವಾದುದಲ್ಲ.

2009ರಲ್ಲಿ ಸಂಸತ್ತಿನ ಅಂಗೀಕಾರ ಪಡೆದು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಗೆ ಒಂದು ಅನುಸೂಚಿಯುಂಟು. ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳಿಗೆ ಇಬ್ಬರು ಉಪಾಧ್ಯಾಯರಿರಬೇಕು, ಮಕ್ಕಳ ಸಂಖ್ಯೆ 150ನ್ನು ಮೀರಿದರೆ ಮುಖ್ಯೋಪಾಧ್ಯಾಯರೊಬ್ಬರು ಬೇಕು, ಉಪಾಧ್ಯಾಯರು ಸಿದ್ಧತೆಯೂ ಸೇರಿದಂತೆ ವಾರಕ್ಕೆ 45 ಗಂಟೆ ದುಡಿಯಬೇಕು, ಬಾಲಕ ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಗ್ರಂಥಾಲಯ, ಆಟದ ಬಯಲು, ಆವರಣದ ಗೋಡೆ ಇರಬೇಕು ಎಂದು ಅದು ಖಚಿತವಾಗಿ ವಿಧಿಸುತ್ತದೆ. ಆದರೆ ಆ ಅಡುಗೆಮನೆಯಲ್ಲಿ ಬೇಯಿಸತಕ್ಕವರು, ಆ ಶೌಚಾಲಯವನ್ನು ತೊಳೆಯತಕ್ಕವರು, ಆ ಗ್ರಂಥಗಳನ್ನೂ ದಾಖಲೆಗಳನ್ನೂ ಕಾಯತಕ್ಕವರು ಯಾರೆಂಬ ವಿಷಯದಲ್ಲಿ ಅನುಸೂಚಿ ಒಂದಕ್ಷರವನ್ನೂ ಆಡುವುದಿಲ್ಲ. ಸರ್ಕಾರಿ ಪ್ರೌಢಶಾಲೆಗಳಲ್ಲಿಯಾದರೂ ಗುಮಾಸ್ತ, ಜವಾನ ಎಂಬ ಹುದ್ದೆಗಳು ಹಿಂದಿನಿಂದ ನಡೆದುಬಂದಿವೆ. ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಅದೂ ಇಲ್ಲ. ಶಾಸನವು ಹೆಸರಿಸದೆ ಬಿಟ್ಟ ಕೆಲಸವು ಮಾಯವಾಗುವುದಿಲ್ಲವಾದಕಾರಣ, ಅದು ಯೋಜನೆಯೊಂದರ ತಾತ್ಕಾಲಿಕ ಕೈಗೋ, ಹೊರಗುತ್ತಿಗೆಯವನ ಕೈಗೋ, ಮುಖ್ಯ ಶಿಕ್ಷಕರ ಜೇಬಿಗೋ, ಕೊನೆಗೆ ಮಕ್ಕಳ ಹೆಗಲಿಗೋ ಬಂದು ಸೇರುತ್ತದೆ.

ಬಿಸಿಯೂಟದ ಇತಿಹಾಸವನ್ನೇ ತೆಗೆದುಕೊಳ್ಳೋಣ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೇಯಿಸಿದ ಆಹಾರವನ್ನೇ ನೀಡಬೇಕೆಂದು ಆಜ್ಞಾಪಿಸಿದ ತರುವಾಯ, ಕರ್ನಾಟಕದಲ್ಲಿ ಅಕ್ಷರ ದಾಸೋಹವು 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, ಮರುವರ್ಷ ನಾಡಿನ ಉಳಿದ ಭಾಗಗಳಿಗೆ ಹಬ್ಬಿ, 2007ರ ವೇಳೆಗೆ ಹತ್ತನೆಯ ತರಗತಿಯವರೆಗೆ ವಿಸ್ತರಿಸಿತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಸೇರಿತು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ಮೊಟ್ಟೆಯೂ ವಾರದ ಆರು ದಿನಕ್ಕೇರಿತು. ಇವೆಲ್ಲ ಸ್ತುತ್ಯರ್ಹವಾದ ಕಾರ್ಯಗಳೇ. ಆದರೆ ಮಗುವಿನ ತಟ್ಟೆಗೆ ಪದಾರ್ಥವೊಂದು ಬಂದು ಸೇರಿದಾಗಲೆಲ್ಲ ಅಡುಗೆಯವರ ದಿನಕ್ಕೆ ಹೊಸ ಕೆಲಸವೂ ಬಂದು ಸೇರಿತೆಂಬುದನ್ನು ಲೆಕ್ಕಕ್ಕೆ ತಂದವರು ವಿರಳ. ಕೇಂದ್ರದ ಸೂತ್ರದ ಪ್ರಕಾರ 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಆಮೇಲೆ ನೂರಕ್ಕೊಬ್ಬರು. ಹಾಲು ಕಾಯಿಸುವುದರಿಂದ ಮೊದಲುಗೊಂಡು ಮೊಟ್ಟೆ ಸುಲಿದು ಪಾತ್ರೆ ಬೆಳಗಿ ಒರೆಸಿಡುವವರೆಗೆ ಎಲ್ಲವೂ ಅವರದೇ.

ಈ ದುಡಿಮೆಗೆ ಕೊಡುವುದು ಸಂಬಳವಲ್ಲ, ಗೌರವಧನ. ಆದುದರಿಂದ ಕನಿಷ್ಠ ಕೂಲಿಯ ನಿಯಮ ಇವರ ಹತ್ತಿರ ಸುಳಿಯುವುದಿಲ್ಲ. ಕೇಂದ್ರವು 2009ರಲ್ಲಿ ತಿಂಗಳಿಗೆ 1,000 ರೂಪಾಯಿಯೆಂದೂ ವರ್ಷಕ್ಕೆ ಹತ್ತೇ ತಿಂಗಳೆಂದೂ ಗೊತ್ತುಮಾಡಿದ ದರವು ಅಲ್ಲಿಯೇ ನಿಂತಿದೆ. ರಾಜ್ಯವು ತನ್ನ ಕಡೆಯಿಂದ ಹೆಚ್ಚಿಸುತ್ತ ಬಂದು, 2025-26ರ ಆಯವ್ಯಯದಲ್ಲಿ ಮತ್ತೊಂದು ಸಾವಿರವನ್ನು ಸೇರಿಸಿದ ಮೇಲೂ ಮೊತ್ತ ಐದು ಸಾವಿರವನ್ನು ಮುಟ್ಟಲಿಲ್ಲ. ಅತ್ಯಲ್ಪ ಹಣಕ್ಕೆ ಹೀಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಅಲಹಾಬಾದ್ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಅಡುಗೆಯವರೊಬ್ಬರ ಮೊಕದ್ದಮೆಯಲ್ಲಿ ಹೇಳಿತು. ಹಣ ಅಲ್ಪವಾದರೂ ಹೊಣೆ ಅಲ್ಪವಲ್ಲ: 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯಲ್ಲಿ ವಿಷಪೂರಿತ ಊಟ ಉಂಡು 23 ಮಕ್ಕಳು ಅಸುನೀಗಿದರೆಂಬುದನ್ನು ನೆನೆದರೆ, ಅಡುಗೆಯವರ ಎಚ್ಚರಕ್ಕೆ ಎಷ್ಟು ಬೆಲೆಯೆಂಬುದು ತಿಳಿದೀತು.

ಉಪಾಧ್ಯಾಯವರ್ಗದ ಸ್ಥಿತಿಯಾದರೂ ಇದರಿಂದ ತೀರ ಬೇರೆಯಾಗಿಲ್ಲ. ಗುಮಾಸ್ತನಿಲ್ಲದ ಶಾಲೆಯಲ್ಲಿ ಮುಖ್ಯ ಶಿಕ್ಷಕರೇ ಗುಮಾಸ್ತರು; ಅಕ್ಕಿ-ಬೇಳೆಯ ದಾಸ್ತಾನು, ಮೊಟ್ಟೆಯ ಖರೀದಿ, ವಿದ್ಯಾರ್ಥಿವೇತನದ ಅರ್ಜಿ, ಜಾಲತಾಣಕ್ಕೆ ಏರಿಸಬೇಕಾದ ಹಾಜರಿ, ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತು ಪಾಠಕ್ಕೆ. ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಬೋಧನೇತರ ಕಾರ್ಯಕ್ಕೆ ಉಪಾಧ್ಯಾಯರನ್ನು ನಿಯೋಜಿಸಕೂಡದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಪ್ರಕರಣ ಹೇಳುತ್ತಿರಲು, 2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಸಾವಿರಾರು ಶಿಕ್ಷಕರು ಮನೆಮನೆ ಅಲೆದರು. ಸಮೀಕ್ಷೆ ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಖಾಲಿ ಹುದ್ದೆಗಳನ್ನು ತುಂಬುವ ಅತಿಥಿ ಶಿಕ್ಷಕರಂತೂ ಶಾಲೆ ನಡೆಯುವ ತಿಂಗಳುಗಳಿಗಷ್ಟೇ ಗೌರವಧನ ಪಡೆದು, ಬೇಸಗೆ ಬಂತೆಂದರೆ ಬರಿಗೈಯಲ್ಲಿ ಮನೆಗೆ ನಡೆಯತಕ್ಕವರು.

ಎಲ್ಲಕ್ಕಿಂತ ದಾರುಣವಾದುದು ಶೌಚಾಲಯದ ಪ್ರಶ್ನೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿಶಾಲೆಯೊಂದರಲ್ಲಿ ಮಕ್ಕಳನ್ನು ಮಲಗುಂಡಿಗೆ ಇಳಿಸಿದ ಸಂಗತಿ ಹೊರಬಿದ್ದಾಗ ನಾಡೆಲ್ಲ ಆಕ್ರೋಶಗೊಂಡು, ಅಮಾನತು, ಬಂಧನ ಮೊದಲಾದ ಕ್ರಮಗಳು ಜರುಗಿದವು. ತಪ್ಪಿತಸ್ಥರಿಗೆ ಶಿಕ್ಷೆಯಾಗತಕ್ಕದ್ದೇ, ಆದರೆ ಆ ಶೌಚಾಲಯವನ್ನು ನಾಳೆ ತೊಳೆಯುವವರು ಯಾರೆಂಬ ಪ್ರಶ್ನೆಗೆ ಅಮಾನತಿನ ಆಜ್ಞೆಯಲ್ಲಿ ಉತ್ತರವಿರುವುದಿಲ್ಲ.

ನಾವೂ ಶಾಲೆ ಗುಡಿಸಿಯೇ ಓದಿದವರಲ್ಲವೆ ಎಂದು ಹಿರಿಯರು ಕೇಳುವುದುಂಟು. ರವೀಂದ್ರನಗರ, ಗಾಂಧಿನಗರ ಎಂಬ ಬಡಾವಣೆಗಳೆರಡನ್ನೂ ಹೊಂದಿರುವ ಶಿವಮೊಗ್ಗೆಗೆ, ಆ ಹೆಸರುಗಳ ಹಿಂದಿನ ಇಬ್ಬರ ನಡುವಿನ ಒಂದು ಪ್ರಸಂಗದಿಂದಲೇ ಇದಕ್ಕೆ ಉತ್ತರ ಹೇಳಬಹುದು. 1915ರಲ್ಲಿ ರವೀಂದ್ರರ ಶಾಂತಿನಿಕೇತನಕ್ಕೆ ಬಂದ ಗಾಂಧಿಯವರು, ಅಡುಗೆಯನ್ನೂ ಶುಚಿಕಾರ್ಯವನ್ನೂ ವಿದ್ಯಾರ್ಥಿಗಳೂ ಅಧ್ಯಾಪಕರೂ ತಾವೇ ಮಾಡಿಕೊಳ್ಳಬೇಕೆಂದು ಸೂಚಿಸಿದರು, ರವೀಂದ್ರರು ಒಪ್ಪಿದರು, ಮಾರ್ಚ್ 10ರಂದು ಪ್ರಯೋಗ ಆರಂಭವಾಯಿತು. ಅದು ಬಹುಕಾಲ ನಡೆಯಲಿಲ್ಲವಾದರೂ, ಇಂದಿಗೂ ಅಲ್ಲಿ ಆ ದಿನವನ್ನು ಗಾಂಧಿ ಪುಣ್ಯಾಹವೆಂದು ಆಚರಿಸಿ, ಸೇವಕವರ್ಗಕ್ಕೆ ವಿಶ್ರಾಂತಿಯಿತ್ತು ಉಳಿದವರು ಆ ಕೆಲಸ ಮಾಡುತ್ತಾರೆ. ಗುರುವೂ ಶಿಷ್ಯನೂ ಜೊತೆಗೂಡಿ ಸ್ವಸಂತೋಷದಿಂದ ಪೊರಕೆ ಹಿಡಿಯುವುದು ಶಿಕ್ಷಣ. ಗುರು ದೂರ ನಿಂತು, ಜಾತಿಯನ್ನೋ ಬಡತನವನ್ನೋ ನೋಡಿ ಆಯ್ದ ಮಕ್ಕಳ ಕೈಗೆ ಪೊರಕೆ ಕೊಡುವುದು ಪೀಡನೆ. ಪರಮಾದರ್ಶವನ್ನು ಹೊತ್ತ ಆ ಆಶ್ರಮದಲ್ಲಿಯೇ ನಿತ್ಯದ ಕೆಲಸಕ್ಕೆ ಸಿಬ್ಬಂದಿ ಅನಿವಾರ್ಯವಾಯಿತೆಂದ ಮೇಲೆ, ನಮ್ಮ ಸಾಮಾನ್ಯ ಶಾಲೆಗಳಿಂದ ಬೇರೇನನ್ನು ನಿರೀಕ್ಷಿಸಬಹುದು?

ಆ ಸಿಬ್ಬಂದಿಯನ್ನು ಗುತ್ತಿಗೆಯ ಮೇಲೆ ಇಟ್ಟುಕೊಂಡರೆ ಸಾಲದು; ಗುತ್ತಿಗೆಯ ದುಡಿಮೆಯ ಕಷ್ಟವನ್ನು ಶಿವಮೊಗ್ಗ ಜಿಲ್ಲೆಯ ಭದ್ರಾವತಿಗೆ ಯಾರೂ ವಿವರಿಸಬೇಕಾಗಿಲ್ಲ. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾದ 2023ರಲ್ಲಿ ಅಲ್ಲಿನ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಹೋರಾಡಿದುದನ್ನು ಜಿಲ್ಲೆ ಕಂಡಿದೆ. ಆದರೆ ಕಾರ್ಖಾನೆಯ ಕಾರ್ಮಿಕರಿಗೆ ಕೂಡಲು ಒಂದು ಹೆಬ್ಬಾಗಿಲುಂಟು. ಶಾಲೆಗೊಬ್ಬರು ಇಬ್ಬರಂತೆ ಚದುರಿಹೋದ ಬಿಸಿಯೂಟದ ಅಕ್ಕಂದಿರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಧರಣಿ ಕೂತಾಗಲಷ್ಟೇ ಕಣ್ಣಿಗೆ ಬೀಳುವರು.

ಸರ್ಕಾರದ ಕಡೆಯಿಂದ ಎರಡು ಆಕ್ಷೇಪಣೆಗಳು ಬರುವುದು ಖಂಡಿತ. ಮೊದಲನೆಯದು ಕಾನೂನಿನದು: ಕರ್ನಾಟಕದಿಂದಲೇ ಹೋದ ಉಮಾದೇವಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ತಾತ್ಕಾಲಿಕ ನೌಕರರ ಸಕ್ರಮಕ್ಕೆ ಕಟ್ಟುನಿಟ್ಟಾದ ಮಿತಿ ಹಾಕಿತು. ಆದರೆ ಆ ತೀರ್ಪು ತಡೆದದ್ದು ಹಿಂಬಾಗಿಲ ನೇಮಕವನ್ನು; ನಿತ್ಯವೂ ಇರುವ ಕೆಲಸಕ್ಕೆ ಮಂಜೂರಾದ ಹುದ್ದೆ ಸೃಷ್ಟಿಸಿ ನಿಯಮಾನುಸಾರ ತುಂಬುವುದನ್ನಲ್ಲ. ನಗರಗಳ ಪೌರಕಾರ್ಮಿಕರ ವಿಷಯದಲ್ಲಿ ಇದೇ ರಾಜ್ಯವು ಮೊದಲು ಗುತ್ತಿಗೆದಾರರನ್ನು ಬದಿಗೊತ್ತಿ ನೇರ ಪಾವತಿಗೆ ಬಂದು, 2022ರಲ್ಲಿ 11,133 ಮಂದಿಯನ್ನು ಸಕ್ರಮಗೊಳಿಸಲು ಸಂಪುಟದ ಒಪ್ಪಿಗೆ ನೀಡಿತು. ಬೀದಿಗೆ ಸಾಧ್ಯವಾದುದು ಶಾಲೆಗೆ ಏಕೆ ಅಸಾಧ್ಯ?

ಎರಡನೆಯದು ವೆಚ್ಚದ ಆಕ್ಷೇಪಣೆ. ಹತ್ತಿಪ್ಪತ್ತು ಮಕ್ಕಳಿರುವ ಮಲೆನಾಡಿನ ಶಾಲೆಗೆಲ್ಲ ಜವಾನನನ್ನೂ ಗುಮಾಸ್ತನನ್ನೂ ಕೊಡುವುದು ಸಾಧ್ಯವಲ್ಲವೆಂಬ ಮಾತಿನಲ್ಲಿ ಸತ್ಯಾಂಶವುಂಟು. ಆದುದರಿಂದ ದೊಡ್ಡ ಶಾಲೆಗೆ ಸ್ವಂತ ಹುದ್ದೆ, ಸಣ್ಣವುಗಳಿಗೆ ಕ್ಲಸ್ಟರಿಗೊಬ್ಬ ಗುಮಾಸ್ತ ಹಾಗೂ ಸರದಿಯಂತೆ ಬರುವ ಶುಚಿತ್ವ ಸಿಬ್ಬಂದಿ ಎಂಬ ವ್ಯವಸ್ಥೆ ಯುಕ್ತವಾದೀತು. ಅಡುಗೆಯವರಿಗೆ ಹನ್ನೆರಡು ತಿಂಗಳ ವೇತನವೂ, 2001ರಿಂದ ನಡೆದುಬಂದಿರುವ ಶಾಲಾಭಿವೃದ್ಧಿ ಸಮಿತಿಗಳಲ್ಲಿ ಅವರಿಗೊಂದು ಸ್ಥಾನವೂ ದೊರೆಯಬೇಕು. 2023ರಲ್ಲಿ ಶಾಲಾ ಶಿಕ್ಷಣದ ಖಾತೆಯನ್ನು ವಹಿಸಿಕೊಂಡ ಮಧು ಬಂಗಾರಪ್ಪನವರು ಇದೇ ಜಿಲ್ಲೆಯ ಸೊರಬದ ಶಾಸಕರಾದುದರಿಂದ, ಪ್ರಯೋಗವನ್ನು ಶಿವಮೊಗ್ಗ ಮತ್ತು ಭದ್ರಾವತಿಯ ಶಾಲೆಗಳಿಂದಲೇ ಆರಂಭಿಸುವುದಕ್ಕೆ ಅಡ್ಡಿಯಿರಲಾರದು. ಮಗುವಿಗೆ ಶೌಚಾಲಯದ ಹಕ್ಕನ್ನೂ ಊಟದ ಹಕ್ಕನ್ನೂ ಕೊಟ್ಟ ರಾಜ್ಯವು, ಆ ಹಕ್ಕನ್ನು ದಿನದಿನವೂ ನಡೆಸಿಕೊಡುವವರ ಹೆಸರನ್ನು ಮಂಜೂರಾತಿಯ ಪಟ್ಟಿಗೆ ಸೇರಿಸಿ ಅದಕ್ಕೆ ತಕ್ಕ ಹಣವನ್ನು ಮುಂದಿನ ಆಯವ್ಯಯದಲ್ಲಿ ತೆಗೆದಿರಿಸುವವರೆಗೆ, ತಾನು ಕೊಟ್ಟ ವಚನದ ಅರ್ಧವನ್ನು ಮಾತ್ರ ಸಲ್ಲಿಸಿದಂತಾಗುತ್ತದೆ.