ಸಾರಕ್ಕಿ ಕೆರೆಯ ಗೊರವ

ಹಕ್ಕಿಯನ್ನು ನೋಡುವುದು ಬೇರೆ, ಅದರ ಹೆಸರು ಹೇಳುವುದು ಬೇರೆ ಎಂಬುದು ನನಗೆ ಮನದಟ್ಟಾದದ್ದು ಜೆ.ಪಿ. ನಗರದ ಸಾರಕ್ಕಿ ಕೆರೆಯ ದಂಡೆಯಲ್ಲಿ. ಕಳೆದ ಮಾಗಿಯ ಒಂದು ಬೆಳಗ್ಗೆ, ಇಬ್ಬನಿ ಇನ್ನೂ ಆರಿರಲಿಲ್ಲ. ಗೊರವಂಕಕ್ಕಿಂತ ತುಸು ಕಿರಿದಾದ, ನೀಳಕೊಕ್ಕಿನ ಕಂದು ಹಕ್ಕಿಯೊಂದು ಕೆಸರಿನಂಚಿನಲ್ಲಿ ಹುಳು ಹೆಕ್ಕುತ್ತಿತ್ತು. ಜೊತೆಯಲ್ಲಿದ್ದ ಹಿರಿಯ ಮಿತ್ರರನ್ನು ಕೇಳಿದೆ: “ಇದು ಯಾವುದು, ಸ್ವಾಮಿ?”

“ಗೊರವ.”

“ಯಾವ ಗೊರವ?”

“ಅದನ್ನು ಅದೇ ಹೇಳಬೇಕಪ್ಪ!”

ಮೈಲಾರಲಿಂಗನ ಗೊರವಯ್ಯನಂತೆ ಇದೂ ಊರೂರು ಅಲೆಯುವ ಜೀವ. ಚಳಿಗಾಲಕ್ಕೆ ನಮ್ಮ ಕೆರೆಗಳಿಗೆ ಬರುವವುಗಳಲ್ಲಿ ಹಸಿರು ಗೊರವ, ಅಡವಿ ಗೊರವ ಎಂಬ ಎರಡು ನೋಟಕ್ಕೆ ಅಣ್ಣತಮ್ಮಂದಿರು. ಹೆಸರನ್ನು ನಂಬಿದವನು ಕೆಟ್ಟ. ಹಸಿರು ಗೊರವದಲ್ಲಿ ಹಸಿರೆಂಬುದು ಕಾಲಿನ ಮಸುಕು ಛಾಯೆಯಲ್ಲಿ ಮಾತ್ರ. ಅಡವಿಯ ಹೆಸರು ಹೊತ್ತದ್ದು ಸಾಮಾನ್ಯವಾಗಿ ನೆಲದ ಮೇಲೆ ಗೂಡು ಮಾಡಿದರೆ, ಮರದ ಮೇಲೆ ಅನ್ಯಪಕ್ಷಿಗಳ ಹಳೆಯ ಗೂಡುಗಳಲ್ಲಿ ಮೊಟ್ಟೆಯಿಡುವುದು ಹಸಿರು ಗೊರವ! ಅದೂ ಇಲ್ಲಲ್ಲ, ಉತ್ತರ ಯೂರೋಪು, ಸೈಬೀರಿಯಗಳ ಜೌಗುಪ್ರದೇಶಗಳಲ್ಲಿ.

ಹಾಗೆಂದು ಗುರುತುಗಳೇ ಇಲ್ಲವೆಂದಲ್ಲ. ಅಡವಿ ಗೊರವದ ಬಿಳಿಹುಬ್ಬು ಕಣ್ಣನ್ನು ದಾಟಿ ಹಿಂದಕ್ಕೆ ಸಾಗುತ್ತದೆ. ಹಸಿರು ಗೊರವದ್ದು ಕಣ್ಣಿನ ಮುಂದೆಯೇ ನಿಲ್ಲುತ್ತದೆ. ಮೊದಲನೆಯದರ ಬೆನ್ನ ಮೇಲೆ ಚುಕ್ಕೆಗಳು ಧಾರಾಳ, ಕಾಲು ನೀಳ, ಹಳದಿ ಮಿಶ್ರಿತ. ಎರಡನೆಯದು ಗಾಢವರ್ಣದ್ದು. ಹಾರುವಾಗ ರೆಕ್ಕೆಯ ಒಳಭಾಗವನ್ನು ನೋಡಬೇಕು: ಹಸಿರು ಗೊರವದ್ದು ಕಪ್ಪು, ಅಡವಿ ಗೊರವದ್ದು ಮಾಸಲು. ಬಾಲದ ಬುಡ ಮಾತ್ರ ಎರಡಕ್ಕೂ ಬಿಳುಪೇ. ಕೂಗು ಕೇಳಿದರಂತೂ ಸಂಶಯವೇ ಉಳಿಯದು. ಆದರೆ ಸೂರ್ಯ ಎದುರಿಗಿದ್ದು, ಕಾಲೆಲ್ಲ ಕೆಸರಾಗಿದ್ದಾಗ ಪುಸ್ತಕದ ಪಾಂಡಿತ್ಯ ಎಷ್ಟು ದೂರ ಬಂದೀತು?

ನಾವು ಇನ್ನೆರಡು ಹೆಜ್ಜೆ ಇಡುವಷ್ಟರಲ್ಲಿ ನಾಯಿಯೊಂದು ನುಗ್ಗಿತು. ಬೆಳ್ಳನೆಯ ಬಾಲದ ಬುಡವನ್ನು ತೋರಿಸಿ, ಸದ್ದಿಲ್ಲದೆ, ಹಕ್ಕಿ ಜೊಂಡಿನಾಚೆ ಮರೆಯಾಯಿತು. ನಾನು ಆಗಲೇ ಮೊಬೈಲಿನಲ್ಲಿ ‘ಹಸಿರು ಗೊರವ’ ಎಂದು ದಾಖಲಿಸಿಬಿಟ್ಟಿದ್ದೆ. ಮಿತ್ರರು ತಮ್ಮ ಹಳೆಯ ಟಿಪ್ಪಣಿ ಪುಸ್ತಕ ತೆರೆದು ಬರೆದರು: “ಗೊರವ 1. ಜಾತಿ ತಿಳಿಯಲಿಲ್ಲ.”

ಆಗ ನನಗೆ ಅದು ಕೈಲಾಗದವರ ಮಾತೆನಿಸಿತು. ಈಗ ಹಾಗೆನಿಸುವುದಿಲ್ಲ. ಇಂದು ಹವ್ಯಾಸಿಗಳ ಟಿಪ್ಪಣಿ ಅವರ ಮನೆಯ ಕಪಾಟಿನಲ್ಲಿ ಉಳಿಯುವುದಿಲ್ಲ. 2020 ಮತ್ತು 2023ರಲ್ಲಿ ಹೊರಬಂದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಗಳು ಇಬರ್ಡ್‌ನಲ್ಲಿ ಸಾವಿರಾರು ಹವ್ಯಾಸಿಗಳು ಕೂಡಿಟ್ಟ ದಾಖಲೆಗಳನ್ನೇ ಆಧರಿಸಿವೆ. ವಲಸೆ ಬರುವ ದಂಡೆಹಕ್ಕಿಗಳು ಕುಗ್ಗುತ್ತಿವೆಯೆಂದು ಅವು ಎಚ್ಚರಿಸಿವೆ. ಪಟ್ಟಿಯನ್ನು ಉದ್ದಗೊಳಿಸುವ ಚಪಲಕ್ಕೆ ನಾನು ಬರೆದ ಸುಳ್ಳು ಹೆಸರೂ ಆ ಲೆಕ್ಕದಲ್ಲಿ ಸೇರುತ್ತದೆ. ಜಾತಿ ನಿಶ್ಚಯವಾಗದ ಹಕ್ಕಿಯನ್ನು ಹಾಗೆಂದೇ ನಮೂದಿಸಲು ಇಬರ್ಡ್‌ನಲ್ಲಿಯೂ ಅವಕಾಶವಿದೆ. ಆ ಸಂಜೆಯೇ ನನ್ನ ನಮೂದನ್ನು ತಿದ್ದಿದೆ. ತುಸು ನಾಚಿಕೆಯಿಂದಲೇ ಎನ್ನಿ.

ಮಿತ್ರರ ಚಿಂತೆ ಬೇರೆ. “ಹೆಸರಿನ ಮಾತು ಹಾಗಿರಲಿ, ಅದು ನಿಲ್ಲಲು ಕೆಸರೆಲ್ಲಿದೆ?” ಎಂದರು. ಸಾರಕ್ಕಿ ಕೆರೆಯ ಒತ್ತುವರಿ 2015ರಲ್ಲಿ ತೆರವಾದದ್ದು ನಮ್ಮೆಲ್ಲರಿಗೂ ಸಂತೋಷದ ಸಂಗತಿಯೇ. ಆದರೆ ಕೆರೆಯನ್ನು ಉದ್ಧಾರ ಮಾಡುವುದೆಂದರೆ ಬಟ್ಟಲಿನಂತೆ ಅಗೆದು, ಸುತ್ತ ಕಲ್ಲು ಕಟ್ಟಿ, ನಡಿಗೆಯ ಹಾದಿ ಮಾಡುವುದೆಂಬ ಭಾವನೆ ಈ ನಗರದಲ್ಲಿ ಬೇರೂರಿದೆ. ಆಳನೀರು ಬಾತುಗಳಿಗೆ, ನೀರುಕಾಗೆಗಳಿಗೆ ಸರಿ. ಗೇಣುದ್ದವೂ ಇಲ್ಲದ ಗೊರವ ಕಲ್ಲುಗೋಡೆಯ ಬುಡದಲ್ಲಿ ಏನನ್ನು ಹೆಕ್ಕೀತು? ನೀರು ಇಳಿದಂತೆ ಅಂಚು ಹಿಂಜರಿದು ಹಸಿಮಣ್ಣು ತೆರೆದುಕೊಳ್ಳಬೇಕು. ಅದರ ಊಟದ ಎಲೆ ಅದೇ. ನಮಗೆ ಅದು ಕೊಳಕಾಗಿ ಕಾಣುತ್ತದೆ, ಅಷ್ಟೆ.

ಆಗಸ್ಟಿನ ಹೊತ್ತಿಗೆ ಹಸಿರು ಗೊರವಗಳು ಮರಳತೊಡಗುತ್ತವೆ. ಸಾರಕ್ಕಿಯಲ್ಲಿ, ಮಡಿವಾಳದಲ್ಲಿ, ಪುಟ್ಟೇನಹಳ್ಳಿಯಲ್ಲಿ, ಕೆರೆಗೊಂದು ಮೂಲೆಯನ್ನಾದರೂ ಕಲ್ಲು ಕಟ್ಟದೆ ಇಳಿಜಾರಾಗಿ ಬಿಡಲಿ. ನಾಯಿಗಳನ್ನು ಅತ್ತ ಬಿಡದಿದ್ದರೆ ಇನ್ನೂ ಒಳ್ಳೆಯದು. ಹುಬ್ಬನ್ನು ನೋಡಲು ನಮಗೆ ಅರ್ಧ ನಿಮಿಷವಾದರೂ ಬೇಕು.