ಯಂತ್ರದ ಮಿತಿಯೂ ಮನುಷ್ಯನ ಗರ್ವವೂ

ಗಣಕಯಂತ್ರವು ಮನುಷ್ಯನ ಬುದ್ಧಿಯನ್ನು ಎಂದಿಗೂ ಸರಿಗಟ್ಟಲಾರದೆಂಬುದು ಗಣಿತದಿಂದಲೇ ಸಿದ್ಧವಾಗಿದೆ ಎಂದು ಘೋಷಿಸುವವರಿದ್ದಾರೆ. ಆತ್ಮದ ಅಸ್ತಿತ್ವಕ್ಕೂ ಇದನ್ನೇ ಸಾಕ್ಷಿಯಾಗಿ ನಿಲ್ಲಿಸುವವರುಂಟು. ಕೇಳಲು ಹಿತವಾದ ಈ ಮಾತು ವಿಚಾರದ ಒರೆಗಲ್ಲಿನ ಮೇಲೆ ನಿಲ್ಲುವುದಿಲ್ಲ.

ಮೂಲಸಂಗತಿಯೇನೋ ನಿಜ. 'ನಾನೀಗ ಆಡುತ್ತಿರುವ ಮಾತು ಸುಳ್ಳು' ಎಂಬುದನ್ನು ನಿಜವೆಂದರೆ ಸುಳ್ಳಾಗುತ್ತದೆ, ಸುಳ್ಳೆಂದರೆ ನಿಜವಾಗುತ್ತದೆ. ಇದೇ ಜಾಡಿನಲ್ಲಿ ಕುರ್ಟ್ ಗೋಡೆಲ್ 1931ರಲ್ಲಿ, 'ಈ ವಾಕ್ಯವನ್ನು ಈ ಪದ್ಧತಿಯೊಳಗೆ ಸಾಧಿಸಲಾಗದು' ಎಂಬರ್ಥದ ವಾಕ್ಯವನ್ನು ಅಂಕಗಣಿತದ ಭಾಷೆಯಲ್ಲಿಯೇ ರಚಿಸಿದರು. ಆ ಪದ್ಧತಿಯು ಅಂತರ್ವಿರೋಧದಿಂದ ಮುಕ್ತವಾಗಿದ್ದರೆ ಆ ವಾಕ್ಯವನ್ನು ಸಾಧಿಸಲಾರದು. ಆದರೂ ವಾಕ್ಯವು ಸತ್ಯ. ಯಂತ್ರಗಳಿಗೂ ಇಂತಹ ಮಿತಿಯುಂಟೆಂದು ಅಲನ್ ಟ್ಯೂರಿಂಗ್ 1936ರಲ್ಲಿ ಸಾಧಿಸಿದರು.

ಯಂತ್ರವು ಸಾಧಿಸಲಾರದ ಸತ್ಯವನ್ನು ಮನುಷ್ಯನು ಕಾಣುತ್ತಾನೆ, ಆದ್ದರಿಂದ ಮನಸ್ಸು ಯಂತ್ರವಲ್ಲ ಎಂದು ಆಕ್ಸ್‌ಫರ್ಡಿನ ಜೆ. ಆರ್. ಲ್ಯೂಕಸ್ 1961ರಲ್ಲಿ ವಾದಿಸಿದರು. ರೋಜರ್ ಪೆನ್‌ರೋಸ್ 1989ರಲ್ಲಿ ಇದೇ ವಾದವನ್ನು ಬೆಳೆಸಿದರು.

'ಮುಕ್ತವಾಗಿದ್ದರೆ' ಎಂಬ ಷರತ್ತನ್ನು ಮರೆತುದೇ ಈ ವಾದದ ದೋಷ. ಷರತ್ತುಸಹಿತವಾದ ತೀರ್ಮಾನವನ್ನು ಯಂತ್ರವೂ ಪಡೆಯಬಲ್ಲದು. ಷರತ್ತು ಈಡೇರಿದೆಯೆಂದು ಮನುಷ್ಯನಿಗೆ ಭರವಸೆ ಕೊಟ್ಟವರಾರು? ಟ್ರಯಲ್ ಬ್ಯಾಲೆನ್ಸಿನ ಎರಡು ಬದಿಗಳು ತಾಳೆಯಾದ ಮಾತ್ರಕ್ಕೆ ಲೆಕ್ಕವೆಲ್ಲ ಸರಿಯೆಂದಾಗದು. ಬರೆಯದೆಯೇ ಬಿಟ್ಟ ವ್ಯವಹಾರವು ಅದರಲ್ಲಿ ಕಾಣದು. ತನ್ನ ಬುದ್ಧಿಯಲ್ಲಿ ವಿರೋಧವಿಲ್ಲವೆಂದು ತಾನೇ ರುಜು ಹಾಕುವವನ ಸ್ಥಿತಿಯೂ ಇಷ್ಟೇ. ಲ್ಯೂಕಸ್ ಅವರೊಬ್ಬರು ಮಾತ್ರ ಸ್ವವಿರೋಧವಿಲ್ಲದೆ ನುಡಿಯಲಾಗದ, ಆದರೆ ಉಳಿದವರೆಲ್ಲ ನಿಜವೆಂದು ಕಾಣಬಲ್ಲ ವಾಕ್ಯವೊಂದನ್ನು ಸಿ. ಎಚ್. ವೈಟ್ಲಿ 1962ರಲ್ಲಿ ರಚಿಸಿ ತೋರಿಸಿದರು. ಹೀಗಿರಲು ಯಂತ್ರದ ಕುಂದನ್ನು ಎಣಿಸುವವನು ತನ್ನ ಕುಂದನ್ನೂ ಎಣಿಸಬೇಡವೇ?

ಸ್ವತಃ ಗೋಡೆಲ್ ಹೆಚ್ಚು ಸಂಯಮಿ. ಮನಸ್ಸು ಯಂತ್ರವನ್ನು ಮೀರಿದುದೆಂಬ ಒಲವು ಅವರಿಗಿತ್ತು. ಆದರೂ 1951ರ ಉಪನ್ಯಾಸದಲ್ಲಿ, ಒಂದೋ ಮನಸ್ಸು ಯಂತ್ರವನ್ನು ಮೀರಿದೆ, ಇಲ್ಲವೇ ಮನಸ್ಸಿಗೂ ಎಂದೆಂದಿಗೂ ಬಿಡಿಸಲಾಗದ ಗಣಿತಸಮಸ್ಯೆಗಳಿವೆ ಎಂಬಷ್ಟನ್ನೇ ಸಿದ್ಧವೆಂದರು.

ಇದರಿಂದ ಮನಸ್ಸು ಯಂತ್ರವೆಂದೂ ಆಗಲಿಲ್ಲ. ಚೈತನ್ಯದಲ್ಲಿ ಶ್ರದ್ಧೆಯುಳ್ಳವರು ಶ್ರದ್ಧೆಯನ್ನು ಬಿಡಬೇಕಾದುದಿಲ್ಲ, ದುರ್ಬಲ ಪ್ರಮಾಣವನ್ನು ಬಿಡಬೇಕು. ಹಿರಿಯರು ಸಭೆಯಲ್ಲಿ ಆಡಿದ ವಾದದ ಬಿರುಕನ್ನು ಗಣಿತ ಓದಿದ ಮಕ್ಕಳು ಮನೆಯಲ್ಲಿ ಕಂಡುಹಿಡಿದಾರು; ಆಗ ಅವರು ಸಂಶಯಪಡುವುದು ವಾದವನ್ನು ಮಾತ್ರವಲ್ಲ, ಅದನ್ನು ಆಡಿದವರ ನಿಜವಾದ ಮಾತುಗಳನ್ನೂ. ಖೋಟಾ ನಾಣ್ಯವನ್ನು ಒಳ್ಳೆಯ ಕಾರ್ಯಕ್ಕೆ ಕೊಟ್ಟರೂ ಅದು ಖೋಟಾ ನಾಣ್ಯವೇ.